ದಿಂಬಂ ಘಾಟಿಯ ಮೇಲೊಂದು ಕ್ರೇನ್ ನಿಲ್ಲಿಸಿ

ಸಂಪಾದಕರೇ,

ದಿಂಬಂ ಘಾಟಿ ಅಂದರೆ ಎಲ್ಲರೂ ರಾತ್ರಿ ಸಂಚಾರ ನಿಷೇಧದ ಬಗ್ಗೆಯೇ ಮಾತಾಡುತ್ತಾರೆ. ನಮಗೆ ಜಾಸ್ತಿ ಕಷ್ಟ ಆಗುತ್ತಿರುವುದು ಹಗಲಲ್ಲಿ.

ನಾವು ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿಯವರು. ಮನೆಯಲ್ಲೂ ಸಂತೆಯಲ್ಲೂ ಆಡುವುದು ಕನ್ನಡವೇ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ನಮ್ಮಲ್ಲೇ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಈ ಕಡೆ ಉಳಿದೆವು. ಚಾಮರಾಜನಗರ ಹತ್ತಿರ ಇದೆ ನಿಜ. ಆದರೆ ನಮ್ಮ ಜಿಲ್ಲಾ ಕಚೇರಿ ಈರೋಡಿನಲ್ಲಿ, ಕಬ್ಬಿನ ಫ್ಯಾಕ್ಟರಿ ಕೆಳಗೆ, ಎಷ್ಟೋ ಜನ ನಂಬಿಕೊಂಡಿರುವ ಆಸ್ಪತ್ರೆಗಳು ಕೊಯಮತ್ತೂರಿನಲ್ಲಿ. ಅಂದ್ರೆ ದಿಂಬಂ ಘಾಟಿಯ 27 ತಿರುವು ಇಳಿಯಲೇಬೇಕು.

ಅಮ್ಮನಿಗೆ ಹಾರ್ಟ್ ಆಪರೇಷನ್ ಆದ ಮೇಲೆ ತೋರಿಸಿಕೊಂಡು ಬರಲು ಬೆಳಿಗ್ಗೆ ಬಸ್ಸು ಹತ್ತಿದ್ದೆವು. ಘಾಟಿಯ ಅರ್ಧದಲ್ಲಿ ಬಸ್ಸು ನಿಂತಿತು. ಕೆಳಗಿನ ತಿರುವಿನಲ್ಲಿ ಒಂದು ಲಾರಿ ಆಕ್ಸಲ್ ಕಟ್ಟಾಗಿ ಅಡ್ಡ ನಿಂತಿದೆ, ಬೈಕು ಬಿಟ್ಟರೆ ಬೇರೇನೂ ನುಸುಳುವ ಹಾಗಿಲ್ಲ. ಮೂರು ಗಂಟೆ ಕಾದೆವು. ಕಾಡು, ಆನೆ ಓಡಾಡುವ ಜಾಗ, ಇಳಿಯಬೇಡಿ ಅಂತ ಕಂಡಕ್ಟರ್ ಹೇಳುತ್ತಲೇ ಇದ್ದರು. ಹೆಂಗಸರ ಪಾಡು ಕೇಳಬೇಡಿ. ಅಮ್ಮ ಮಾತ್ರೆ ಕೈಯಲ್ಲಿ ಹಿಡಿದು ಕೂತಿದ್ದರು, ಬಾಟಲಿಯಲ್ಲಿ ನೀರು ಮುಗಿದಿತ್ತು. ಕೊನೆಗೆ ಕ್ರೇನ್ ಬಂತು, ಆದರೆ ಅದು ಬಂದದ್ದು ಕೆಳಗಿನಿಂದ, ಬಣ್ಣಾರಿ ಕಡೆಯಿಂದ, ಸಾಲುಗಟ್ಟಿ ನಿಂತ ಲಾರಿಗಳನ್ನು ಒಂದೊಂದಾಗಿ ಹಿಂದೆ ಸರಿಸಿಕೊಂಡು ಅದೂ ಮೇಲೆ ಹತ್ತಬೇಕಿತ್ತು. ಎಳೆಯುವ ಗಾಡಿಯೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಏನು ಮಾಡುವುದು?

ರಾತ್ರಿ ನಿಷೇಧವನ್ನು ನಾನು ವಿರೋಧಿಸುವುದಿಲ್ಲ. 2013ರಿಂದ ಸತ್ಯಮಂಗಲ ಕಾಡು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಹೊತ್ತು ರಸ್ತೆ ಪ್ರಾಣಿಗಳಿಗೆ ಇರಲಿ. ಆದರೆ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದಂತೆ ನಿಷೇಧ ಜಾರಿಗೆ ಬಂದ ಮೇಲೆ ಸಂಜೆ ಆರಕ್ಕೆ ನಿಂತ ಲಾರಿಗಳೆಲ್ಲ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಹೊರಡುತ್ತವೆ. ಆಗ ಒಂದು ಕೆಟ್ಟು ನಿಂತರೆ ಸಾಕು, ಎರಡೂ ಕಡೆ ಎಲ್ಲವೂ ನಿಂತುಹೋಗುತ್ತದೆ.

ಕಬ್ಬು ನಾನೂ ಬೆಳೆಯುತ್ತೇನೆ. ಲಾರಿಯಲ್ಲಿ ತೂಕ ಮೀರಿ ತುಂಬುವುದು ತಪ್ಪು ಅಂತ ನಮ್ಮ ರೈತರೂ ಒಪ್ಪಬೇಕು. ಆ ಲೋಡು ತಿರುವಿನಲ್ಲಿ ವಾಲುತ್ತದೆ, ಕಬ್ಬು ಉದುರುತ್ತದೆ, ಅದರ ರುಚಿ ಹತ್ತಿದ ಆನೆ ರಸ್ತೆಗೇ ಬಂದು ನಿಲ್ಲುತ್ತದೆ. ತೂಕವನ್ನು ಘಾಟಿಗೆ ಬರುವ ಮೊದಲೇ ನೋಡಬೇಕು. ಮೇಲಿನಿಂದ ಬರುವವರಿಗೆ ಹಾಸನೂರಿನ ಹತ್ತಿರ, ಕೆಳಗಿನವರಿಗೆ ಬಣ್ಣಾರಿಯಲ್ಲಿ. ತಿರುವಿನಲ್ಲಿ ಸಿಕ್ಕಿಬಿದ್ದ ಮೇಲೆ ದಂಡ ಹಾಕಿ ಏನು ಉಪಯೋಗ, ಅಲ್ವಾ?

ಇದನ್ನು ಕನ್ನಡ ಪತ್ರಿಕೆಗೆ ಬರೆಯಲು ಕಾರಣ ಇದೆ. ಇದು ಹಳೆಯ 209, ಈಗಿನ 948ನೇ ಹೆದ್ದಾರಿ. ಬೆಂಗಳೂರು, ಕೊಳ್ಳೇಗಾಲ, ಚಾಮರಾಜನಗರದ ಲಾರಿಗಳೂ ಪುಣಜನೂರು ದಾಟಿ ಇದೇ ಘಾಟಿ ಇಳಿಯುತ್ತವೆ. ಮಾಲೀಕರೇ, ದಯವಿಟ್ಟು ಬ್ರೇಕು, ಆಕ್ಸಲ್ ನೋಡಿಸಿ ಗಾಡಿ ಕಳಿಸಿ.

ಅಧಿಕಾರಿಗಳಲ್ಲಿ ನಾನು ಕೇಳುವುದು ಇಷ್ಟೇ. ಘಾಟಿಯ ಕೆಳಗೊಂದು, ಮೇಲೆ ದಿಂಬಂನಲ್ಲಿ ಒಂದು ಕ್ರೇನ್ ಬೆಳಿಗ್ಗೆ ಆರರಿಂದ ಸಂಜೆವರೆಗೂ ಡ್ರೈವರ್ ಸಮೇತ ನಿಂತಿರಲಿ. ಕರೆಯಬೇಕಾದ ನಂಬರನ್ನು ಪ್ರತಿ ತಿರುವಿನಲ್ಲೂ ಕನ್ನಡ, ತಮಿಳು ಎರಡರಲ್ಲೂ ಬರೆಸಲಿ. ಮುಂದಿನ ತಿಂಗಳು ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಬೇಕು.

— ಒಬ್ಬ ರೈತ, ತಾಳವಾಡಿ