ಮೇಲ್ಮನೆಯ ಪಾಠಕ್ಕೆ ಕೆಳಮನೆಯ ಋಣ

ನಮ್ಮ ಮಗ ಈ ಏಪ್ರಿಲ್‌ನಲ್ಲಿ ಒಂದನೇ ತರಗತಿಯನ್ನು ಮುಗಿಸಿದ. ನೆರವಿಗೆಂದು ಪಕ್ಕದಲ್ಲಿ ಕೂರುವವರು ಯಾರೂ ಇಲ್ಲದೆ, ಬಿಸಿಯೂಟದ ಸಾಲಿನಲ್ಲಿ ತಾನೇ ತಟ್ಟೆ ಹಿಡಿದು ನಿಂತು, ಇಡೀ ವರ್ಷ ಶಾಲೆಗೆ ಹೋಗಿ ಬಂದ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಥೆರಪಿಯನ್ನು ಶಾಲೆ ಶುರುವಾದ ಮೇಲೆ ಹಂತಹಂತವಾಗಿ ಕಡಿಮೆ ಮಾಡುತ್ತ ಬಂದು, ಈ ಬೇಸಿಗೆ ರಜೆಯಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಅವನಿಗೆ ಆಟಿಸಂ (ಮಾತು, ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇದೆ ಎಂದು ಗೊತ್ತಾದ ದಿನಗಳು, ಆಸ್ಪತ್ರೆಯ ಓಡಾಟ, ಪರೀಕ್ಷೆಯ ವರದಿಗಳು ಇವೆಲ್ಲ ಹತ್ತಿರದವರಾದ ನಿಮಗೆ ಗೊತ್ತಿರುವ ಸಂಗತಿಗಳೇ ಆದ್ದರಿಂದ ಅವನ್ನು ಮತ್ತೆ ಬರೆಯುವುದಿಲ್ಲ. ಆದರೆ ಯಾರ ಯಾರ ಋಣ ನಮ್ಮ ಮೇಲಿದೆ ಎಂಬುದು ಒಂದು ಕಡೆ ಬರೆದಿಟ್ಟಂತಿರಬೇಕು. ಎಲ್ಲರಿಗೂ ಸಮನಾಗಿ ಹಂಚುವ ಬರಹ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬೇಸರವಾದವರು ಮನೆಗೆ ಬಂದು ಜಗಳವಾಡಬಹುದು, ಕಾಫಿ ಕೊಡುತ್ತೇನೆ.

ಹೆಸರು ಕರೆದರೆ ಮಗು ತಿರುಗಿ ನೋಡುತ್ತಿಲ್ಲ ಎಂಬುದನ್ನು ನಮಗಿಂತ ಮೊದಲು ಗಮನಿಸಿ, ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದ ಅಂಗನವಾಡಿ ಟೀಚರ್‌ಗೆ, ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರದಲ್ಲಿ ಮಾತಿನ ತರಬೇತಿ ಕೊಟ್ಟವರಿಗೆ, ಅಂಗವೈಕಲ್ಯದ ಗುರುತಿನ ಚೀಟಿಯ ಅರ್ಜಿಯನ್ನು ತಾವೇ ಕೂತು ತುಂಬಿಸಿಕೊಟ್ಟ ಗುಮಾಸ್ತರಿಗೆ, ಜಗಳೂರಿನಿಂದ ವರ್ಷವರ್ಷವೂ ಜೋಳ ಕಳಿಸಿ ನಮ್ಮ ಸಂಸಾರದ ಖರ್ಚನ್ನು ಸದ್ದಿಲ್ಲದೆ ಇಳಿಸಿದ ಅತ್ತೆ ಮಾವಂದಿರಿಗೆ, ಮತ್ತು ರಾತ್ರಿ ಬಸ್ಸಿನ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಿನಲ್ಲೇ ಮಗನ ಎದುರು ಚಿತ್ರದ ಕಾರ್ಡ್ ಹಿಡಿದು ಕೂರುತ್ತಿದ್ದ ನನ್ನ ಯಜಮಾನರಿಗೆ ನನ್ನ ನಮಸ್ಕಾರ. ಹಗಲಿನ ಪಾಠಕ್ಕೆ ಬರುತ್ತಿದ್ದ ಇಬ್ಬರು ಹುಡುಗಿಯರಿಗೆ, ಒಬ್ಬಳು ಡಿ.ಎಡ್. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದವಳು, ಇನ್ನೊಬ್ಬಳು ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದವಳು, ಇಬ್ಬರಿಗೂ ನಾವು ಕೊಡಬಹುದಾಗಿದ್ದ ಸಂಬಳ ನೆನೆಸಿಕೊಂಡರೆ ಈಗಲೂ ಸಂಕೋಚವಾಗುತ್ತದೆ. ಇಂಥ ಮಕ್ಕಳಿಗೆ ಇಲ್ಲಿ ಜಾಗವಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ ಖಾಸಗಿ ಶಾಲೆಯೂ ಒಂದು ಲೆಕ್ಕದಲ್ಲಿ ಉಪಕಾರವನ್ನೇ ಮಾಡಿತು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ ನಮ್ಮ ಕೆಲಸವನ್ನು ನೋಡಿ ತಿದ್ದುತ್ತಿದ್ದ ಮೇಡಂ ಅವರ ಬಗ್ಗೆ ಒಂದೆರಡು ಮಾತು ಹೆಚ್ಚೇ ಹೇಳಬೇಕು. ನಾವು ಮನೆಯಲ್ಲಿ ವರ್ತನಾ ಚಿಕಿತ್ಸೆ (ಸಣ್ಣ ಸಣ್ಣ ಹೆಜ್ಜೆಯಾಗಿ ಕಲಿಸಿ, ಸರಿ ಮಾಡಿದ ಕೂಡಲೇ ಇಷ್ಟವಾದದ್ದನ್ನು ಕೊಡುವ ವಿಧಾನ) ನಡೆಸಲು ಹೊರಟಾಗ ನೆಂಟರೊಬ್ಬರು ಅಮೆರಿಕದ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರಾಂಶವನ್ನು ಎಲ್ಲಿಂದಲೋ ಹುಡುಕಿ ಕಳಿಸಿದ್ದರು. ವಾರಕ್ಕೆ 40 ಗಂಟೆಯಂತೆ ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ದಾಟಿದರು ಎಂಬುದು ಅದರ ಮುಖ್ಯ ಮಾತು. ಅದನ್ನು ಓದಿದ ರಾತ್ರಿ ನಾವಿಬ್ಬರೂ 40 ಗಂಟೆಯನ್ನು ಏಳು ದಿನಕ್ಕೆ ಭಾಗಿಸುತ್ತ ಕೂತಿದ್ದೆವು. ಮೇಡಂ ಅದರ ಉಳಿದರ್ಧವನ್ನೂ ಹೇಳಿದರು. ಯಾವ ಮಗು 40 ಗಂಟೆಯ ಗುಂಪಿಗೆ, ಯಾವುದು ಹೋಲಿಕೆಯ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ ಎಂಬ ಆಕ್ಷೇಪ ಆ ಅಧ್ಯಯನದ ಬೆನ್ನಿಗೇ ಇದೆ. ಆ ಕಾಲದಲ್ಲಿ ತೊಡೆಗೆ ಹೊಡೆಯುವುದು, ಗದರುವುದು ಕೂಡ ಆ ವಿಧಾನದೊಳಗೆ ಸೇರಿತ್ತು. ಅದ್ಯಾವುದೂ ನಮ್ಮ ಕೋಣೆಗೆ ಬರಕೂಡದು, ಕೆನ್ನೆ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವುದೂ ಬೇಡ ಎಂದು ಮೊದಲ ದಿನವೇ ಕಟ್ಟುನಿಟ್ಟು ಮಾಡಿದರು. ಎರಡು ಕೋಣೆಯ ಮನೆಗೆ, ಒಂದು ಸಂಬಳಕ್ಕೆ ಎಷ್ಟು ಗಂಟೆ ಹೊಂದುತ್ತದೋ ಅಷ್ಟನ್ನೇ ನಿಗದಿ ಮಾಡಿ, ಅಷ್ಟನ್ನು ಮಾತ್ರ ತಪ್ಪಿಸಬೇಡಿ ಎಂದರು.

ಈಗ ಇವನೂ ಒಂದನೇ ತರಗತಿ ದಾಟಿರುವುದರಿಂದ ಕೆಲವರು 'ಪೂರ್ತಿ ಗುಣವಾಯಿತಂತೆ' ಎಂದು ಸಂತೋಷಪಡುತ್ತಿದ್ದಾರೆ. ಅವರ ಸಂತೋಷ ದೊಡ್ಡದು, ಮಾತು ಮಾತ್ರ ಸರಿಯಲ್ಲ. ಮಗನಿಗೆ ಇವತ್ತಿಗೂ ಆಟಿಸಂ ಇದೆ, ನಾಳೆಯೂ ಇರುತ್ತದೆ. ಬೇಕು, ಸಾಕು, ನೋವು ಎಂದು ಹೇಳಲು ಕಲಿತಿದ್ದಾನೆ. ತನ್ನ ಸರದಿ ಬರುವವರೆಗೆ ಕಾಯಲು ಕಲಿತಿದ್ದಾನೆ. ನಾವು ಕೇಳಿದ್ದೂ ಇಷ್ಟನ್ನೇ.

ಇನ್ನು ಕೆಳಮನೆಯ ಖಾಲಾ, ಅಂದರೆ ಚಿಕ್ಕಮ್ಮ ಎಂದು ನಾವು ಕರೆಯುವ ಮನೆಯೊಡತಿ. ಮಗ ಹುಟ್ಟುವ ಮೊದಲಿನಿಂದಲೂ ನಾವು ಅವರ ಮೇಲ್ಮನೆಯಲ್ಲಿ ಬಾಡಿಗೆಗಿದ್ದೇವೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನಸುಕಿನಲ್ಲೇ ಹೋಗಿ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಬಿಸಿಯ ಮುಂದೆ ನಿಂತು, ಹೊತ್ತೇರುವ ಹೊತ್ತಿಗೆ ಮೈಯೆಲ್ಲ ಹೊಗೆಯ ವಾಸನೆ ಹೊತ್ತು ಬರುತ್ತಾರೆ. ನಮ್ಮ ಕೋಣೆಯೊಳಗೆ ಅವರು ಕಾಲಿಟ್ಟದ್ದು ಮಂಡಕ್ಕಿಯ ಮೂಲಕವೇ. ಮಗು ಹೇಳಿದ್ದನ್ನು ಮಾಡಿದ ಕೂಡಲೇ ಅವನಿಗೆ ಇಷ್ಟವಾದದ್ದೊಂದನ್ನು ಕೊಡಬೇಕು. ಅದು ಚಿಕ್ಕದಿರಬೇಕು, ಬಾಯಲ್ಲಿ ಬೇಗ ಕರಗಬೇಕು, ಹೊಟ್ಟೆ ತುಂಬಿಸಬಾರದು ಎಂದು ಮೇಡಂ ಹೇಳಿದ್ದರು. ಚಾಕೊಲೇಟ್ ಚೂರಿಗೆ ಹಲ್ಲು ಹಾಳು, ಬಿಸ್ಕತ್ತಿಗೆ ನಾಲ್ಕೇ ತುತ್ತಿಗೆ ಸಾಕು ಎನ್ನುತ್ತಿದ್ದ. ಮೆಟ್ಟಿಲ ಮೇಲೆ ಕೂತು ನಮ್ಮ ಚರ್ಚೆ ಕೇಳಿಸಿಕೊಂಡ ಖಾಲಾ, "ಒಂದೊಂದೇ ಮಂಡಕ್ಕಿ ಇಟ್ಟು ನೋಡಮ್ಮ" ಎಂದರು. 'ಲೋಟ ಕೊಡು' ಎಂದರೆ ಲೋಟ ಕೊಟ್ಟ, ಒಂದು ಕಾಳು. ಚೆಂಡಿನ ಚಿತ್ರವನ್ನು ಚೆಂಡಿನ ಪಕ್ಕ ಇಟ್ಟ, ಇನ್ನೊಂದು ಕಾಳು. ಬೆಳಗಿನ ಪಾಠವೆಲ್ಲ ಒಂದು ಹಿಡಿ ಮಂಡಕ್ಕಿಯಲ್ಲಿ ಮುಗಿಯುತ್ತಿತ್ತು. ಮೆತ್ತಗಾದದ್ದನ್ನು ಅವನು ಉಗುಳಿಬಿಡುತ್ತಾನೆ ಎಂದು ಗೊತ್ತಾದ ಮೇಲೆ, ಮಳೆಗಾಲವಿಡೀ ಭಟ್ಟಿಯಿಂದ ಬರುವಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಗರಿಗರಿಯಾದದ್ದನ್ನೇ ತಂದುಕೊಟ್ಟರು. ಬೆಣ್ಣೆ ದೋಸೆಗೆ ಹೆಸರಾದ ಊರಿನಲ್ಲಿ ನನ್ನ ಮಗನಿಗೆ ಕಲಿಸಿದ್ದು ಮಂಡಕ್ಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಖಾಲಾ ನಮ್ಮ ಜೊತೆ ಕೂತ ಒಂದು ರಾತ್ರಿಯ ವಿಷಯ ನಿಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ಮಲಗುವ ಹೊತ್ತಿಗೆ ಮೊಬೈಲ್ ತೆಗೆದುಕೊಂಡರೆ ಮಗ ಗೋಡೆಗೆ ತಲೆ ಬಡಿಯುತ್ತಿದ್ದ. ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು ಎಂದು ಮೂರು ಕಲಂನಲ್ಲಿ ಬರೆದಿಟ್ಟ ಹಾಳೆಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ತಲೆ ಬಡಿದರೆ ಮೊಬೈಲ್ ಮರಳಿ ಬರುತ್ತದೆ ಎಂಬುದು ಅವನಿಗೆ ಖಚಿತವಾಗಿತ್ತು. ಕಿವಿನೋವು, ಹಲ್ಲುನೋವು ಏನಾದರೂ ಇದೆಯೇ ಎಂದು ವೈದ್ಯರಿಂದ ನೋಡಿಸಿದ ಮೇಲೆ ಮೇಡಂ ಯೋಜನೆ ಬರೆದುಕೊಟ್ಟರು. ಗೋಡೆಗೆ ಹಾಸಿಗೆ ಒರಗಿಸಿಡಬೇಕು, ತಲೆಗೆ ಪೆಟ್ಟಾಗದಂತೆ ನನ್ನ ಕೈ ಅಡ್ಡವಿರಬೇಕು, ಮೊಬೈಲ್ ಮಾತ್ರ ಕೊಡಬಾರದು. ಬೆನ್ನು ಉಜ್ಜುವ ಚಿತ್ರದ ಕಾರ್ಡನ್ನು ಅವನು ಎತ್ತಿ ಕೊಟ್ಟರೆ ಆ ಕ್ಷಣವೇ ಬೆನ್ನು ಉಜ್ಜಬೇಕು. ಆ ಕಾರ್ಡ್ ಕೊಡುವುದನ್ನು ಹಗಲಿನಲ್ಲಿ ಮೊದಲೇ ಕಲಿಸಿದ್ದೆವು. ಆರುವ ಮುನ್ನ ದೀಪ ಜೋರಾಗಿ ಉರಿಯುವಂತೆ ಒಂದೆರಡು ರಾತ್ರಿ ಬಡಿತ ಹೆಚ್ಚುತ್ತದೆ, ನಡುವೆ ಬಿಟ್ಟುಕೊಟ್ಟರೆ ಮುಂದಿನ ಸಲ ಅಲ್ಲಿಂದಲೇ ಶುರುವಾಗುತ್ತದೆ ಎಂದೂ ಎಚ್ಚರಿಸಿದ್ದರು. (ಇದನ್ನು ಓದಿ ಯಾರೂ ತಾವಾಗಿಯೇ ಮಾಡಲು ಹೋಗಬೇಡಿ. ತಿಳಿದವರು ಮಗುವನ್ನು ನೋಡಿ ಬರೆದುಕೊಡದ ಹೊರತು ತಲೆ ಬಡಿಯುವ ಮಗುವಿನ ಮೇಲೆ ಇಂಥ ಪ್ರಯೋಗ ಸಲ್ಲದು.)

ಬೇಸಿಗೆ, ರಂಜಾನ್ ತಿಂಗಳು. ಯಜಮಾನರು ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿದ್ದರು. ಕಿಟಕಿ ಮುಚ್ಚಿದರೆ ಉಸಿರು ಕಟ್ಟುವ ಸೆಕೆ, ತೆರೆದರೆ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಹನ್ನೊಂದರ ಸುಮಾರಿಗೆ ಖಾಲಾ ಮೇಲೆ ಬಂದು, ಏನು ಎತ್ತ ಎಂದು ಕೇಳದೆ, ಮೊದಲು ನನ್ನ ಮೊಬೈಲನ್ನು ತೆಗೆದುಕೊಂಡು ಹೋಗಿ ತಮ್ಮ ಅಕ್ಕಿ ಡಬ್ಬಿಯೊಳಗೆ ಹಾಕಿ ಬಂದರು. ಆಮೇಲೆ ಹೊಸ್ತಿಲಲ್ಲಿ ಕೂತು, ನನ್ನ ಎರಡೂ ಕೈ ಮಗನ ತಲೆಯ ಸುತ್ತಲೇ ಇರುವುದನ್ನು ಕಂಡು, ಬಡಿತ ಎಣಿಸಿ ಬರೆಯುವ ಡೇಟಾ ಹಾಳೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹಾಳೆಯಲ್ಲಿ ಕಾಲು ಗಂಟೆಗೊಂದು ಚೌಕದ ಮನೆ. ಖಾಲಾ ಓದಿದವರಲ್ಲ, ಆದರೆ ಗಡಿಯಾರ ನೋಡಬಲ್ಲರು, ಎಣಿಸಬಲ್ಲರು. ಭಟ್ಟಿಯಲ್ಲಿ ಚೀಲಗಳಿಗೆ ಗೀಟು ಹಾಕುವ ರೀತಿಯಲ್ಲೇ, ನಾಲ್ಕು ನೆಟ್ಟಗೆ, ಐದನೆಯದು ಅಡ್ಡ, ಒಂದೊಂದು ಬಡಿತಕ್ಕೂ ಗೀಟು ಎಳೆಯುತ್ತ ಹೋದರು. ಪಕ್ಕದ ಮನೆಯವರೊಬ್ಬರು ಮಗುವಿಗೆ ಏನು ಮಾಡುತ್ತಿದ್ದೀರಿ ಎಂದು ಮೆಟ್ಟಿಲ ಬುಡಕ್ಕೆ ಬಂದು ಏರಿದ ದನಿಯಲ್ಲಿ ಕೇಳಿದಾಗ, ಕೂತಲ್ಲಿಂದಲೇ, "ಮೇಡಂ ಬರೆದುಕೊಟ್ಟ ಕೆಲಸ ನಡೀತಾ ಇದೆ, ಬೆಳಿಗ್ಗೆ ಬಾ, ಲೆಕ್ಕ ತೋರಿಸ್ತೀನಿ" ಎಂದರು.

ಒಂದು ಹಂತದಲ್ಲಿ ನನಗೆ ಮಗನ ಮೇಲೆ ಪ್ರೀತಿಯೇ ಉಳಿದಿರಲಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಓದುತ್ತಿರುವ ಕೆಲವು ತಾಯಂದಿರಿಗೆ ಆ ಹೊತ್ತು ಗೊತ್ತಿದೆ. ಇವನ ಕೂಗು ನಿಂತರೆ ಸಾಕು, ಹೇಗಾದರೂ ನಿಲ್ಲಲಿ, ಇವನು ಯಾರ ಮಗನಾದರೂ ಆಗಲಿ ಎನ್ನುವುದೊಂದೇ ನನ್ನೊಳಗೆ ಇತ್ತು. ಮೊಬೈಲ್ ಎಲ್ಲಿ, ಕೊಡಿ ಎಂದು ಖಾಲಾ ಮುಂದೆ ನಾನು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. "ನೀನು ಅಳು, ಕೈ ತೆಗೀಬೇಡ" ಎಂದರು. ಸಹ್ರಿಯ (ಉಪವಾಸಕ್ಕೆ ಮೊದಲಿನ ನಸುಕಿನ ಊಟದ) ಹೊತ್ತಿಗೆ ಕೆಳಗೆ ಹೋಗಿ ಬೇಗ ಉಂಡು, ನನಗೂ ಎರಡು ರೊಟ್ಟಿ ಹಿಡಿದುಕೊಂಡು ಮತ್ತೆ ಹತ್ತಿ ಬಂದರು. ಬೆಳಕು ಹರಿಯುವ ಸ್ವಲ್ಪ ಮೊದಲು ಮಗ ಚಾಪೆಯ ಮೇಲೆ ಬಿದ್ದಿದ್ದ ಕಾರ್ಡನ್ನು ಎತ್ತಿಕೊಂಡು ಹೋಗಿ ಖಾಲಾ ಕೈಗೆ ಕೊಟ್ಟ. ನನ್ನ ಕೈಗೆ ಕೊಡಲಿಲ್ಲ ಎಂದು ಆಗ ಹೊಟ್ಟೆಕಿಚ್ಚಾಯಿತು. ಈಗ ನೆನೆದರೆ ನ್ಯಾಯವಾಗಿಯೇ ಕಾಣುತ್ತದೆ. ಅವರು ಅವನ ಬೆನ್ನು ಉಜ್ಜಿದರು, ಅವನು ನಿದ್ದೆ ಹೋದ, ಅವರು ಎದ್ದು ಭಟ್ಟಿಗೆ ಹೋದರು.

ಮರುದಿನ ಆ ಹಾಳೆಯ ಚಿತ್ರವನ್ನು ಮೇಡಂಗೆ ಕಳಿಸಿದೆ. ರಾತ್ರಿಯಿಡೀ ಬಡಿತ ಏರುತ್ತಲೇ ಹೋಯಿತು, ಮೂರು ಗಂಟೆಗೆ ಅತಿರೇಕಕ್ಕೆ ಹೋಯಿತು, ಯೋಜನೆ ಕೈಕೊಟ್ಟಿದೆ, ನಿಲ್ಲಿಸಿಬಿಡೋಣ ಎಂದು ನಾನು ಹೇಳಲು ಹೊರಟಿದ್ದೆ, ದೇವರ ಮೇಲೆ ಆಣೆ ಮಾಡಲೂ ಸಿದ್ಧಳಿದ್ದೆ. ಹಾಳೆ ಬೇರೆಯೇ ಹೇಳಿತು. ಒಂದು ಗಂಟೆಯ ಆಸುಪಾಸಿನ ಮನೆಗಳು ಗೀಟುಗಳಿಂದ ಕಪ್ಪಾಗಿದ್ದವು. ಅಲ್ಲಿಂದಾಚೆಗೆ ಮನೆಯಿಂದ ಮನೆಗೆ ಗೀಟುಗಳು ತೆಳುವಾಗುತ್ತ ಬಂದು, ಮೂರರ ಹೊತ್ತಿಗೆ ಬೆರಳೆಣಿಕೆಯಷ್ಟೇ ಇದ್ದವು. ದಣಿದದ್ದು ನಾನು, ಇಳಿದದ್ದು ಬಡಿತ. ನನ್ನ ನೆನಪೊಂದನ್ನೇ ನಂಬಿಕೊಂಡಿದ್ದರೆ ಕೆಲಸ ಮಾಡುತ್ತಿದ್ದ ಯೋಜನೆಯನ್ನು ಅಂದೇ ಕೈಬಿಡುತ್ತಿದ್ದೆವು. ಆ ವಾರ ಮುಗಿಯುವುದರೊಳಗೆ ಅವನು ಬಡಿಯುವ ಮೊದಲೇ ಕಾರ್ಡ್ ಹುಡುಕತೊಡಗಿದ. ಮನೆಯಲ್ಲಿ ತಂದೆತಾಯಿ ನಡೆಸುವ ಥೆರಪಿ ಎಂದು ಇದನ್ನು ಕರೆಯುತ್ತಾರೆ. ನಮ್ಮ ಮಟ್ಟಿಗಂತೂ ತಂದೆತಾಯಿಯ ಕಣ್ಣಿಗೆ ಕಾಣದ್ದನ್ನು ಎಣಿಸಿಕೊಟ್ಟವರು ಒಬ್ಬರು ಇದ್ದದ್ದರಿಂದಲೇ ಅದು ನಡೆಯಿತು. ಬಾಡಿಗೆಯಲ್ಲಿ ಆ ವರ್ಷ ಒಂದು ರೂಪಾಯಿಯನ್ನೂ ಅವರು ಏರಿಸಲಿಲ್ಲ ಎಂಬುದನ್ನು ಬರೆಯಬೇಡ ಎಂದಿದ್ದರು, ಬರೆದಿದ್ದೇನೆ.

ಖಾಸಗಿ ಶಾಲೆಯ ಉಪಕಾರದ ಮಾತು ಬಾಕಿ ಇದೆ. ಅಲ್ಲಿ ಸೀಟು ಸಿಕ್ಕಿದ್ದರೆ ನಾವು ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯನ್ನು ನೋಡುತ್ತಲೇ ಇರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಕಾರ್ಡುಗಳ ನಡುವೆಯೇ ಬೆಳೆದ ನಮ್ಮ ಹುಡುಗ ಮೊದಲ ವಾರವೇ ತನ್ನ ಮೆಟ್ಟಿಲ ಕಾರ್ಡನ್ನು ತಾನೇ ತಟ್ಟೆಯಿಂದ ಎತ್ತಿಕೊಂಡ. ಅಲ್ಲಿನ ಟೀಚರ್ ಗದ್ದಲ ಹೆಚ್ಚಾದಾಗ ಅವನು ಜಗಲಿಗೆ ಹೋಗಿ ಕೂತು ಬರಲು ಅನುಮತಿ ಕೊಟ್ಟರು, ಸಾಕು ಎಂಬ ಕಾರ್ಡನ್ನು ತಮ್ಮ ಮೇಜಿನ ಮೇಲೆ ಅಂಟಿಸಿಕೊಂಡರು. ಈಗ ಅದನ್ನು ಬೇರೆ ಮಕ್ಕಳೂ ಬಳಸುತ್ತಾರಂತೆ. ಆಟಿಸಂ ಅನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಅವರಿಗೆ ತೋರಿಸಬೇಕೆಂದು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ, ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಅವರಿಗೆ ವಂದನೆ.

ಚಿತ್ರದುರ್ಗ, ಹರಿಹರ, ಚನ್ನಗಿರಿ ಕಡೆಯಿಂದ ಕೆಲವು ತಂದೆತಾಯಂದಿರು ವಿಚಾರಿಸುತ್ತಿದ್ದಾರೆ. ಕನ್ನಡಕ್ಕೆ ಇಳಿಸಿಕೊಂಡ ಡೇಟಾ ಹಾಳೆಗಳು, ಚಿತ್ರದ ಕಾರ್ಡುಗಳು, ಗಿಡ್ಡ ಮೇಜು ಎಲ್ಲವೂ ಒಂದು ಟ್ರಂಕಿನಲ್ಲಿವೆ. ಬೇಕಾದವರು ಭಾನುವಾರ ಮಧ್ಯಾಹ್ನದ ಮೇಲೆ ಬಂದರೆ ನಾವು ಮನೆಯಲ್ಲಿರುತ್ತೇವೆ. ಗೀಟು ಹಾಕುವುದು ಹೇಗೆಂದು ತೋರಿಸಲು ಖಾಲಾ ಕೂಡ ಒಪ್ಪಿದ್ದಾರೆ. ನಮ್ಮ ಮುಂದಿನ ಕೆಲಸ ರೈಲ್ವೆ ಗೇಟು. ರೈಲಿನ ಸಿಳ್ಳೆಗೆ ಅವನು ಕಿವಿ ಮುಚ್ಚಿಕೊಂಡು ರಸ್ತೆಯ ನಡುವೆಯೇ ಕೂತುಬಿಡುತ್ತಾನೆ. ಜೂನ್ ಒಳಗೆ ಗೇಟಿನಿಂದ ದೂರ ನಿಂತು ಸಿಳ್ಳೆ ಕೇಳಿಸಿಕೊಳ್ಳುವುದು, ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗುವುದು ಎಂದು ಮೇಡಂ ಬರೆದುಕೊಟ್ಟಿದ್ದಾರೆ.