ಲಾಭ ಬೇರೆ, ಶಿಲ್ಕು ಬೇರೆ

ಪ್ರೀತಿಯ ಪುಟ್ಟಿ,

ಟೇಬಲ್ ಲ್ಯಾಂಪ್ ಮಾಡಿ ಮಾರುವ ವ್ಯಾಪಾರಕ್ಕೆ ನೀನು ಬರೆದು ಕಳಿಸಿದ ಯೋಜನೆ ಎರಡು ಸಲ ಓದಿದೆ. ಮೊದಲನೇ ಸಲ ನಿನ್ನ ಮಾವನಾಗಿ ಓದಿದೆ, ಹೆಮ್ಮೆ ಆಯಿತು. ಎರಡನೇ ಸಲ ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವನಾಗಿ ಓದಿದೆ, ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಟೇಬಲ್ ಲ್ಯಾಂಪಿನ ಚಿತ್ರಗಳು ಚೆನ್ನಾಗಿವೆ. ಬಾಗಿಸಿದ ಕಡೆ ಅಲುಗದೆ ನಿಲ್ಲುವ ಆ ಕೀಲು ನನಗೂ ಹಿಡಿಸಿತು. ಆದರೆ ಹದಿನೆಂಟು ಪುಟದಲ್ಲಿ ಹದಿನಾರು ಲ್ಯಾಂಪಿನ ಬಗ್ಗೆ, ಎರಡು ದುಡ್ಡಿನ ಬಗ್ಗೆ. ಆ ಎರಡು ಪುಟದಲ್ಲೂ ಒಂದೇ ಸಂಖ್ಯೆಯ ಕೆಳಗೆ ದಪ್ಪ ಗೆರೆ ಎಳೆದಿದ್ದೀಯ: ವರ್ಷದ ಕೊನೆಯ ಲಾಭ. ನನ್ನ ತಕರಾರು ಇರುವುದು ಆ ಗೆರೆಯ ಜೊತೆ. ಲಾಭ ಬೇರೆ, ಶಿಲ್ಕು, ಅಂದರೆ ಕೈಯಲ್ಲಿ ಉಳಿದಿರುವ ನಗದು, ಬೇರೆ.

ನಿನಗೆ ಹೇಳದೇ ಇದ್ದ ಒಂದು ಕಥೆ ಹೇಳುತ್ತೇನೆ. ನಿಮ್ಮಮ್ಮನಿಗೆ ಗೊತ್ತು. ಪ್ರೆಸ್ ಶುರುವಾಗಿ ಆರನೇ ವರ್ಷ ಒಂದು ದೊಡ್ಡ ಆರ್ಡರ್ ಬಂತು. ನಾವು ವರ್ಷವಿಡೀ ಮಾಡುತ್ತಿದ್ದ ಕೆಲಸದ ಅರ್ಧದಷ್ಟು, ಒಬ್ಬನೇ ಗಿರಾಕಿಯಿಂದ. ಕುಣಿದಾಡಿಬಿಟ್ಟೆ. ಕಾಗದ ತರಿಸಿದೆ, ನಗದು ಕೊಟ್ಟು. ಇಂಕು, ಪ್ಲೇಟು, ಅದಕ್ಕೂ ನಗದು. ರಾತ್ರಿ ಪಾಳಿ ಹಾಕಿದೆ, ಓವರ್‌ಟೈಮ್ ಕೊಟ್ಟೆ. ಮಾಲು ಹೇಳಿದ ದಿನಕ್ಕೆ ಹೋಯಿತು, ಬಿಲ್ಲೂ ಹೋಯಿತು. ದುಡ್ಡು ಬಂದದ್ದು ನಾಲ್ಕು ತಿಂಗಳ ಮೇಲೆ. ಗಿರಾಕಿ ಮೋಸ ಮಾಡಲಿಲ್ಲ, ಪೂರ್ತಿ ಕೊಟ್ಟ. ತಡವಾಗಿ ಕೊಟ್ಟ, ಅಷ್ಟೇ.

ಆ ನಾಲ್ಕು ತಿಂಗಳ ಮಧ್ಯೆ ಒಂದು ಶನಿವಾರ ಸಂಜೆ ಡ್ರಾಯರ್ ಎಳೆದು ಸಂಬಳದ ನೋಟು ಎಣಿಸಲು ಕೂತೆ. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ. ಒಂದೊಂದೇ ಕವರಿಗೆ ತುಂಬುತ್ತಾ ಬಂದೆ. ಏಳನೇ ಕವರಿಗೆ ನೋಟು ಮುಗಿಯಿತು. ಮತ್ತೆ ಎಣಿಸಿದೆ, ಎಣಿಸಿದರೆ ಜಾಸ್ತಿ ಆಗುತ್ತದೇನೋ ಎನ್ನುವ ಹಾಗೆ! ಪಕ್ಕದಲ್ಲೇ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಬಿದ್ದಿತ್ತು. ಅದರ ಪ್ರಕಾರ ಅಷ್ಟು ಲಾಭ ಕಂಡ ವರ್ಷ ಇನ್ನೊಂದಿಲ್ಲ. ಪುಸ್ತಕ ಸುಳ್ಳು ಹೇಳುತ್ತಿರಲಿಲ್ಲ. ಮಾಲು ಕೊಟ್ಟು ಬಿಲ್ಲು ಬರೆದ ದಿನವೇ ಅದು ಆದಾಯ ಅಂತ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಕೈ ಸೇರಿತೋ ಇಲ್ಲವೋ ಅನ್ನುವುದು ಬೇರೆ ಪುಟದ ಮಾತು. ಆ ಪುಟವನ್ನು ನಾನು ತಿರುವಿಯೇ ಇರಲಿಲ್ಲ. ಕೊನೆಗೆ ಕಟಿಂಗ್ ಮೆಷಿನ್ ಮಾರಿ ಸಂಬಳ ಕೊಟ್ಟೆ. ಆಮೇಲೆ ಎರಡು ವರ್ಷ ಕಟಿಂಗ್ ಕೆಲಸವನ್ನು ಹೊರಗೆ ಕೊಟ್ಟು, ಒಂದಕ್ಕೆ ಎರಡು ತೆತ್ತು ಮಾಡಿಸಿದೆ.

ಈಗ ನಿನ್ನ ಲ್ಯಾಂಪಿಗೆ ಬರೋಣ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ ಹಿಡಿಯುತ್ತೇನೆ. ಒಂದು ಲ್ಯಾಂಪ್ 100ಕ್ಕೆ ಮಾರುತ್ತೀಯ, ಅದರ ಸಾಮಾನಿಗೆ 60 ಖರ್ಚು. ತಿಂಗಳಿಗೆ 1,000 ಲ್ಯಾಂಪ್. ಸಾಮಾನಿಗೆ ದುಡ್ಡು ಕೊಟ್ಟ ದಿನದಿಂದ ಜೋಡಿಸಲು 20 ದಿನ, ಗೋಡೌನಿನಲ್ಲಿ 25 ದಿನ, ಅಂಗಡಿಯವರು ಮಾಲು ತಗೊಂಡು ದುಡ್ಡು ಕೊಡಲು 45 ದಿನ. ಒಟ್ಟು 90 ದಿನ. ಅಂದರೆ ಮೂರು ತಿಂಗಳ ಸಾಮಾನಿನ ದುಡ್ಡು, 1,80,000, ಯಾವಾಗಲೂ ದಾರಿಯಲ್ಲೇ ಇರುತ್ತದೆ. ವ್ಯಾಪಾರ ಎರಡು ಪಟ್ಟು ಆಯಿತು ಅಂದುಕೋ. ದಾರಿಯಲ್ಲಿರುವ ದುಡ್ಡು 3,60,000. ಬೆಳೆದದ್ದಕ್ಕೇ ಕೈ ಖಾಲಿ! ಎಷ್ಟೋ ಜನ ವ್ಯಾಪಾರ ಇಲ್ಲದೆ ಮುಳುಗುವುದಿಲ್ಲ, ವ್ಯಾಪಾರ ಜಾಸ್ತಿಯಾಗಿ ಮುಳುಗುತ್ತಾರೆ. ಸಾಮಾನು ಕೊಡುವವನು ನಿನಗೆ 30 ದಿನ ಉದ್ರಿ ಕೊಟ್ಟರೆ ಅದೇ 1,80,000 ಇದ್ದದ್ದು 1,20,000ಕ್ಕೆ ಇಳಿಯುತ್ತದೆ. ನೀನು ಅವನ ಹತ್ತಿರ ರೇಟಿಗೆ ಮಾತ್ರ ಚೌಕಾಸಿ ಮಾಡಿದ್ದೀಯ, ದಿನಕ್ಕೆ ಮಾಡಿಲ್ಲ. 1990ರ ದಶಕದಲ್ಲಿ ಡೆಲ್ ಕಂಪನಿ ಈ ಆಟವನ್ನೇ ತಿರುವಿಹಾಕಿತು. ಆರ್ಡರ್ ಬಂದ ಮೇಲೆ ಕಂಪ್ಯೂಟರ್ ಜೋಡಿಸುವುದು, ಗಿರಾಕಿಯ ದುಡ್ಡು ಮೊದಲು, ಬಿಡಿಭಾಗದವರಿಗೆ ಕೊಡುವುದು ಆಮೇಲೆ. ಬೆಳೆದಷ್ಟೂ ಅವರ ಕೈಯಲ್ಲಿ ದುಡ್ಡು ಜಾಸ್ತಿ. ನಿನಗೆ ಅಷ್ಟು ಆಗಲಿಕ್ಕಿಲ್ಲ. ಅರ್ಧ ಅಡ್ವಾನ್ಸ್ ಕೇಳುವುದಕ್ಕೆ ಏನು ಅಡ್ಡಿ?

ಇನ್ನು ಒಂದೂ ಲ್ಯಾಂಪ್ ಮಾಡದಿದ್ದರೂ ಬರುವ ಖರ್ಚು. ಬಾಡಿಗೆ, ಸಂಬಳ, ಬಡ್ಡಿ. ಇದನ್ನು ನೀನು ಎಲ್ಲ ಲ್ಯಾಂಪಿಗೂ ಸಮನಾಗಿ ಹಂಚಿ ಮರೆತುಬಿಟ್ಟಿದ್ದೀಯ. ಇದರ ಬಗ್ಗೆ ನನಗೆ ಬುದ್ಧಿ ಕಲಿಸಿದವನು ಇಂಗ್ಲೆಂಡಿನ ಒಬ್ಬ ಕುಂಬಾರ, ಜೊಸಾಯಾ ವೆಜ್‌ವುಡ್. 1730ರಲ್ಲಿ ಹುಟ್ಟಿದವನು. ಅವನ ತಟ್ಟೆ ಬಟ್ಟಲು ರಾಣಿಯ ಮೇಜಿಗೆ ಹೋಗುತ್ತಿದ್ದವು. 1772ರಲ್ಲಿ ಲಂಡನ್ನಿನಲ್ಲಿ ಬ್ಯಾಂಕು ಮುಳುಗಿ ಯುರೋಪಿನ ತುಂಬ ದುಡ್ಡಿನ ಬಿಕ್ಕಟ್ಟು. ಗಿರಾಕಿಗಳು ಕೈ ಬಿಗಿಹಿಡಿದರು. ವೆಜ್‌ವುಡ್ಡನ ಹತ್ತಿರ ಮಾಲು ರಾಶಿ ಬಿತ್ತು. ಅಲ್ಲಿಯವರೆಗೆ ಅವನೂ ನನ್ನ ಹಾಗೇ, ಮಾರಾಟ ಆಗುತ್ತಿದೆ ಅಲ್ವಾ, ಇನ್ನೇನು ಅಂತ ಇದ್ದವನು. ಆಗ ಪುಸ್ತಕ ಹಿಡಿದು ಕೂತ. ಒಂದೊಂದು ಹೂದಾನಿಗೂ ಮಣ್ಣಿಗೆಷ್ಟು, ಅಚ್ಚಿಗೆಷ್ಟು, ಸುಡುವುದಕ್ಕೆಷ್ಟು, ಒಡೆದು ಹೋಗುವುದೆಷ್ಟು ಅಂತ ಬಿಡಿಸಿದ. ಅವನಿಗೆ ಎರಡು ಸಂಗತಿ ಸಿಕ್ಕವು. ಒಂದು, ಅವನ ಹಿರಿಯ ಗುಮಾಸ್ತ ದುಡ್ಡು ಹೊಡೆಯುತ್ತಿದ್ದ. ಲೆಕ್ಕ ಸುಮ್ನೆ ಕೆದಕಿದರೂ ಇಂಥದ್ದು ಏನಾದರೂ ಮೇಲೆ ಬರುತ್ತದೆ, ನನ್ನ ಅನುಭವವೂ ಅದೇ. ಎರಡನೆಯದು ದೊಡ್ಡದು. ಅಚ್ಚು ಮಾಡಿಸುವುದು, ಬಾಡಿಗೆ, ಕೆಲವರ ಕೂಲಿ, ಇವೆಲ್ಲ ಗಡಿಯಾರದ ಹಾಗೆ ಓಡುತ್ತಲೇ ಇರುತ್ತವೆ, ಮಾಲು ಜಾಸ್ತಿ ಮಾಡಿದರೂ ಅಷ್ಟೇ, ಕಡಿಮೆ ಮಾಡಿದರೂ ಅಷ್ಟೇ ಅಂತ ಅವನಿಗೆ ಹೊಳೆಯಿತು. ಹಾಗಾದರೆ ಒಂದು ಅಚ್ಚಿಗೆ ಸುರಿದ ಖರ್ಚು ಹತ್ತು ಹೂದಾನಿಯ ಮೇಲೆ ಬೀಳಬೇಕೋ, ನೂರರ ಮೇಲೋ? ಮೊದಲು ಶ್ರೀಮಂತರಿಗೆ ಹೆಚ್ಚು ಬೆಲೆಗೆ ಮಾರಿದ್ದನ್ನೇ ಆಮೇಲೆ ಬೆಲೆ ಇಳಿಸಿ ಮಧ್ಯಮ ವರ್ಗದವರಿಗೆ ಮಾರಬಹುದು ಅಂತ ಅವನಿಗೆ ಧೈರ್ಯ ಬಂದದ್ದು ಈ ಲೆಕ್ಕದಿಂದ.

ನಿನ್ನದನ್ನೇ ಹೀಗೆ ಬಿಡಿಸಿ ನೋಡು. ತಿಂಗಳಿಗೆ ಬಂದೇ ಬರುವ ಖರ್ಚು 40,000 ಅಂದುಕೋ. ಒಂದು ಲ್ಯಾಂಪಿನಿಂದ ಉಳಿಯುವುದು 40. 1,000 ಲ್ಯಾಂಪ್ ಮಾರಿದರೆ ಅಸಲು ಗಿಟ್ಟುತ್ತದೆ, ಲಾಭ ಶುರುವಾಗುವುದು 1,001ನೇ ಲ್ಯಾಂಪಿನಿಂದ. ಈಗ ಹನ್ನೊಂದನೇ ಪುಟದಲ್ಲಿ ಬರೆದಿದ್ದೀಯಲ್ಲ, ‘ಶುರುವಿನಲ್ಲಿ 10 ಪರ್ಸೆಂಟ್ ಡಿಸ್ಕೌಂಟ್’ ಅಂತ. 100 ಇದ್ದದ್ದು 90 ಆಯಿತು. ಉಳಿಯುವುದು 40 ಹೋಗಿ 30. ಈಗ ಅಸಲಿಗೇ 1,334 ಲ್ಯಾಂಪ್ ಬೇಕು. ಹತ್ತು ಪರ್ಸೆಂಟ್ ಬಿಟ್ಟೆ, ಮೂವತ್ತಮೂರು ಪರ್ಸೆಂಟ್ ಜಾಸ್ತಿ ದುಡಿಯಬೇಕು, ಅದೂ ಇದ್ದಲ್ಲೇ ಇರುವುದಕ್ಕೆ. ಡಿಸ್ಕೌಂಟ್ ಕೊಡಲೇಬಾರದು ಅನ್ನುತ್ತಿಲ್ಲ. ವೆಜ್‌ವುಡ್ ಬೆಲೆ ಇಳಿಸಿದ್ದು ಲೆಕ್ಕ ಹಾಕಿ, ನೀನು ಇಳಿಸುತ್ತಿರುವುದು ಹೆದರಿ. ಇನ್ನೊಂದು ಮಾತು, ಆ ಖರ್ಚಿನ ಪಟ್ಟಿಯಲ್ಲಿ ನಿನ್ನ ಸಂಬಳ ಎಲ್ಲಿ? ಪುಕ್ಕಟೆ ದುಡಿದು ತೋರಿಸಿದ ಲಾಭ ಲಾಭವಲ್ಲ ಕಣೇ.

ಗೋಡೌನಿನ ಮಾತಿಗೆ ಬಂದೆ. ಮಾಲು ನೋಡಿದರೆ ನಿನಗೆ ಮಾಲು ಕಾಣುತ್ತದೆ. ನನಗೆ ಕಾಲು ಮುರಿದುಕೊಂಡು ಕೂತ ದುಡ್ಡು ಕಾಣುತ್ತದೆ. ಟೊಯೋಟಾದ ತೈಚಿ ಓನೊ ಅನ್ನುವ ಎಂಜಿನಿಯರ್‌ಗೂ ಹಾಗೇ ಕಾಣುತ್ತಿತ್ತು. ಬೇಕಾದ್ದಕ್ಕಿಂತ ಜಾಸ್ತಿ ಮಾಡಿ ಇಡುವುದೇ ಎಲ್ಲಕ್ಕಿಂತ ಕೆಟ್ಟ ದಂಡ ಅಂತ ಅವನ ವಾದ. ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನು ಮಾತ್ರ ಮತ್ತೆ ಶೆಲ್ಫಿಗೆ ತುಂಬುತ್ತಾರಲ್ಲ, ಅದನ್ನೇ ಕಾರಿನ ಕಾರ್ಖಾನೆಗೆ ತಂದ. ಮುಂದಿನವನು ಕೇಳಿದಷ್ಟೇ ಹಿಂದಿನವನು ಮಾಡಬೇಕು. ತಪ್ಪು ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಸ್ಟಾಕು ಕಡಿಮೆ ಇದ್ದಾಗ ತಪ್ಪು ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಆದರೆ ಇದನ್ನು ಕೇಳಿ ಎಲ್ಲ ಸ್ಟಾಕನ್ನೂ ಸೊನ್ನೆಗೆ ಇಳಿಸಿ ಕೈ ಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಟೊಯೋಟಾದವರೇ 2011ರ ಭೂಕಂಪದ ನಂತರ, ಸಿಗದಿದ್ದರೆ ಕೆಲಸವೇ ನಿಲ್ಲುವಂಥ ಚಿಪ್‌ಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಡಿಸಲು ಶುರುಮಾಡಿದರು. ನಿನ್ನ ಲ್ಯಾಂಪಿನಲ್ಲಿ ಸ್ಕ್ರೂ, ವೈರು, ಬಲ್ಬು ಎಲ್ಲೂ ಸಿಗುತ್ತವೆ. ಅವನ್ನು ವಾರಕ್ಕಾಗುವಷ್ಟು ಇಡು, ಸಾಕು. ಆ ಕೀಲು ಮಾಡಿಕೊಡುವವನು ಒಬ್ಬನೇ ಅಂತ ಬರೆದಿದ್ದೀಯ. ಅವನಿಗೆ ಜ್ವರ ಬಂದರೆ ನಿನ್ನ ಕಾರ್ಖಾನೆಗೂ ಜ್ವರ. ಕೀಲುಗಳನ್ನು ಎರಡು ತಿಂಗಳಿಗಾಗುವಷ್ಟು ತೆಗೆದಿಡು. ಎರಡನೆಯವನನ್ನು ಈಗಲೇ ಹುಡುಕು.

ಹೊಸತು ಮಾಡುವುದರ ಬಗ್ಗೆ ನಿನಗೆ ನಾನು ಹೇಳಬೇಕಾದ್ದು ಕಡಿಮೆ. ಅದು ನಿನ್ನ ಕೈಯಲ್ಲಿದೆ. ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಮತ್ತೆ ಆ ಕುಂಬಾರನ ಹತ್ತಿರವೇ ಹೋಗಬೇಕು. ಜಾಸ್ಪರ್ ಅನ್ನುವ ಹೊಸ ಬಗೆಯ ಮಣ್ಣಿನ ಸಾಮಾನಿಗಾಗಿ ಅವನು ಸಾವಿರಾರು ಪ್ರಯೋಗ ಮಾಡಿದ. ದೊಡ್ಡ ಹೂದಾನಿ ಮಾಡಿ ಅಲ್ಲ, ಬೆರಳಗಲದ ತುಂಡುಗಳಲ್ಲಿ. ಒಂದೊಂದಕ್ಕೂ ನಂಬರ್, ಪುಸ್ತಕದಲ್ಲಿ ಅದರ ಪಾಕ. ಆ ತುಂಡುಗಳನ್ನು ಜೋಡಿಸಿದ ತಟ್ಟೆಗಳು ಇವತ್ತಿಗೂ ಇವೆ. ಕೆಟ್ಟರೆ ಹೋಗುವುದು ಒಂದು ತುಂಡು ಮಣ್ಣು. ಅಷ್ಟು ವರ್ಷ ಒಲೆ ಉರಿಸಿದ್ದು ದಿನಾ ಮಾರಾಟವಾಗುತ್ತಿದ್ದ ಕೆನೆಬಣ್ಣದ ಸಾದಾ ತಟ್ಟೆಗಳು. ನಿನ್ನ ಯೋಜನೆಯಲ್ಲಿ ಐದು ಹೊಸ ಮಾದರಿ ಒಟ್ಟಿಗೆ, ಐದಕ್ಕೂ ಅಚ್ಚು, ಅದೂ ಸಾಲದಲ್ಲಿ. ಒಂದು ಮಾದರಿ ಸಾಕು ಪುಟ್ಟಿ. ಉಳಿದ ನಾಲ್ಕನ್ನು ರಟ್ಟಿನಲ್ಲಿ ಮಾಡಿ ಹತ್ತು ಜನರ ಮೇಜಿನ ಮೇಲಿಡು, ಯಾರು ವಾಪಸ್ ಕೊಡಲು ಒಲ್ಲೆ ಅನ್ನುತ್ತಾರೆ ನೋಡು.

ಕ್ಯಾಮೆರಾದ ಫಿಲ್ಮು ಮಾಡುತ್ತಿದ್ದ ಕೊಡಕ್ ಕಂಪನಿಯ ಕಥೆ ನಿನಗೂ ಕಾಲೇಜಿನಲ್ಲಿ ಹೇಳಿರುತ್ತಾರೆ. 1975ರಲ್ಲಿ ಅವರದೇ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಕಟ್ಟಿದ, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ‘ದಡ್ಡರು’ ಅಂತ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಂದೊಂದು ಫೋಟೋಗೂ ಫಿಲ್ಮು, ಪೇಪರು, ಕೆಮಿಕಲ್ ಮಾರಿ ಬದುಕುತ್ತಿದ್ದವರು ಅವರು. ಕೂತ ಕೊಂಬೆಯನ್ನು ತಾವೇ ಕಡಿ ಅಂದರೆ ಯಾರು ಕಡಿಯುತ್ತಾರೆ? ಆಫ್‌ಸೆಟ್ ಅನ್ನುವ ಹೊಸ ಮುದ್ರಣ ಬಂದಾಗ ನಾನೂ ಮೂರು ವರ್ಷ ಹಳೇ ಅಚ್ಚುಮೊಳೆ ಹಿಡಿದುಕೊಂಡು ಕೂತಿದ್ದೆ. ಅದೇ ಫಿಲ್ಮು ಮಾಡುತ್ತಿದ್ದ ಫ್ಯೂಜಿಫಿಲ್ಮ್ ಮಾತ್ರ ಬೇರೆ ಪ್ರಶ್ನೆ ಕೇಳಿಕೊಂಡಿತು. ‘ನಾವು ಮಾರುವುದೇನು’ ಅಂತಲ್ಲ, ‘ನಮಗೆ ಮಾಡಲು ಬರುವುದೇನು’ ಅಂತ. ತೆಳುವಾದ ಪದರವನ್ನು ಒಂದೇ ಸಮ ಬಳಿಯಲು ಬರುತ್ತದೆ, ಫಿಲ್ಮಿಗೂ ಬೇಕಾಗುವ, ನಮ್ಮ ಚರ್ಮದಲ್ಲೂ ಇರುವ ಕಾಲಜನ್ ಅನ್ನುವ ಪ್ರೋಟೀನ್ ಗೊತ್ತು, ಬಣ್ಣ ಮಾಸದಂತೆ ತಡೆಯುವುದು ಗೊತ್ತು. ಹೀಗೆ ಟಿವಿ ಪರದೆಯ ಫಿಲ್ಮು ಬಂತು, ಮುಖಕ್ಕೆ ಹಚ್ಚುವ ಕ್ರೀಮೂ ಬಂತು.

ಸಾಲದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಐದು ವರ್ಷ ದುಡಿಯುವ ಯಂತ್ರಕ್ಕೆ ಐದು ವರ್ಷದ ಸಾಲ. ಮೂರು ತಿಂಗಳಲ್ಲಿ ತಿರುಗಿ ಬರುವ ಮಾಲಿಗೆ ಮೂರು ತಿಂಗಳ ಸಾಲ. ಅದಲು ಬದಲು ಮಾಡಬೇಡ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಪ್ರಯೋಗಕ್ಕೆ ಸಾಲವೇ ಬೇಡ, ನಿನ್ನ ಉಳಿತಾಯ ಅಥವಾ ಪಾಲುದಾರರ ದುಡ್ಡು ಹಾಕು. ಸಾಲ ಕೊಟ್ಟವನಿಗೆ ನಿನ್ನ ನಷ್ಟ ಗೊತ್ತಿಲ್ಲ, ಕಂತಿನ ತಾರೀಖು ಗೊತ್ತು. ಪಾಲುದಾರ ನಷ್ಟದಲ್ಲಿ ಸುಮ್ಮನಿರುತ್ತಾನೆ, ಆದರೆ ಲಾಭದಲ್ಲಿ ಎಂದೆಂದಿಗೂ ಪಾಲು ಕೇಳುತ್ತಾನೆ. ಗಿರಾಕಿಯಿಂದ ತೆರಿಗೆ ಅಂತ ವಸೂಲು ಮಾಡಿದ ದುಡ್ಡು ನಿನ್ನದಲ್ಲ, ಅದನ್ನು ಬೇರೆ ಖಾತೆಯಲ್ಲಿಡು. ನಾನು ಇಟ್ಟಿರಲಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅಡ್ಡಕ್ಕೆ ಹದಿಮೂರು ವಾರ. ಮೇಲಿನ ಸಾಲಿನಲ್ಲಿ ವಾರದ ಮೊದಲಿನ ಶಿಲ್ಕು, ಅದರ ಕೆಳಗೆ ಕೈಗೆ ನಿಜವಾಗಿ ಬರುವ ದುಡ್ಡು, ಅದರ ಕೆಳಗೆ ನಿಜವಾಗಿ ಹೋಗುವ ದುಡ್ಡು, ಕೊನೆಗೆ ಉಳಿದ ಶಿಲ್ಕು. ಬಿಲ್ಲು ಬರೆದದ್ದು ಇಲ್ಲಿ ಲೆಕ್ಕಕ್ಕಿಲ್ಲ. ನಿನ್ನ ಸಂಖ್ಯೆಗಳನ್ನೇ ಪೆನ್ಸಿಲ್‌ನಲ್ಲಿ ತುಂಬಿದೆ. ಎಂಟು ವಾರ ಸರಿಯಾಗಿ ಹೋಯಿತು. ಒಂಬತ್ತನೇ ವಾರ ಸಂಬಳವೂ ಕಂತೂ ಒಟ್ಟಿಗೆ ಬೀಳುತ್ತವೆ, ಅಂಗಡಿಯವರ ದುಡ್ಡು ಬರುವುದು ಹದಿಮೂರನೇ ವಾರ. ಒಂಬತ್ತನೇ ವಾರದ ಉಳಿದ ಶಿಲ್ಕಿನ ಚೌಕವನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯುತ್ತೀಯ ಅಂತ ಭಾನುವಾರದೊಳಗೆ ತಿಳಿಸು.

ನಿನ್ನ
ಮಾವ