ಕುರಿ ಸಾಕಲು ಸಹಾಯಧನವಿದೆ, ಕುಯ್ಯಲು ಜಾಗವಿಲ್ಲ

ಮಾನ್ಯರೆ,

ಹೊಸಕೋಟೆ, ದೊಡ್ಡಬಳ್ಳಾಪುರ, ಮಾಗಡಿ, ಕನಕಪುರದ ಕಡೆ ಬಯಲಲ್ಲಿ ಮೇಯಿಸಿದ ಕುರಿ ಮತ್ತು ನಾಟಿ ಕೋಳಿಯ ಮಾಂಸವನ್ನು ಬೆಂಗಳೂರಿನ ಮನೆಗಳಿಗೆ ನೇರವಾಗಿ ಮಾರುವ ಸಣ್ಣ ಸಾಕಣೆದಾರರಿಗೆ ಗಿರಾಕಿಗಳ ಕೊರತೆಯಿಲ್ಲ. ಕಾನೂನಿಗೂ ಶುಚಿಗೂ ಒಪ್ಪುವಂತೆ ಕುರಿ ಕುಯ್ಯಲು ಹತ್ತಿರದಲ್ಲೊಂದು ಜಾಗವಿಲ್ಲ, ಅಷ್ಟೇ. ಸಾಕುವುದಕ್ಕೆ ಸಾಲವಿದೆ, ತರಬೇತಿಯಿದೆ, ಸಹಾಯಧನವಿದೆ. ಕುರಿ ದೊಡ್ಡಿ ಬಿಟ್ಟ ಮೇಲೆ ಮಾಂಸವಾಗಿ ಅಡುಗೆಮನೆ ಸೇರುವವರೆಗಿನ ಹಾದಿಯನ್ನು ಮಾತ್ರ ರೈತನ ಪಾಡಿಗೆ ಬಿಡಲಾಗಿದೆ.

ಈಗಿರುವುದು ಎರಡು ದಾರಿ. ಮೊದಲನೆಯದು, ಕುರಿಗಳನ್ನು ಟೆಂಪೊಗೆ ತುಂಬಿ ನಗರದ ಕಸಾಯಿಖಾನೆಗೆ ತಂದು, ಮಾಂಸವನ್ನು ಮತ್ತೆ ಮನೆಮನೆಗೆ ಹಂಚುವುದು. ಹಾಗೆ ತಂದ ಕುರಿಯನ್ನು ಪಶುವೈದ್ಯರು ಪರೀಕ್ಷಿಸಿದ ಮೇಲೆ 24 ಗಂಟೆ ವಿಶ್ರಾಂತಿಗೆ ಬಿಡಬೇಕು ಎನ್ನುತ್ತವೆ 2001ರ ವಧಾಗಾರ ನಿಯಮಗಳು. ಅದಕ್ಕೆ ಕಾರಣವಿದೆ. ಹೆದರಿ, ಬಾಯಾರಿ, ನಿಂತು ದಣಿದ ಕುರಿಯ ಮಾಂಸಖಂಡದಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆ ದಾಸ್ತಾನು ಖಾಲಿಯಾಗಿರುತ್ತದೆ. ಕುಯ್ದ ಮೇಲೆ ಈ ಸಕ್ಕರೆ ಆಮ್ಲವಾಗಿ, ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ರಿಂದ 5.8ರ ಆಸುಪಾಸಿಗೆ ಇಳಿಯಬೇಕು. ದಾಸ್ತಾನಿಲ್ಲದಿದ್ದರೆ 6ರ ಮೇಲೆಯೇ ನಿಂತುಬಿಡುತ್ತದೆ. ಅಂಥ ಮಾಂಸ ಕಪ್ಪಗೆ, ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ. ತಿಂಗಳುಗಟ್ಟಲೆ ಹಸಿರು ಮೇಯಿಸಿದ್ದರ ಗುಣ ಒಂದು ರಾತ್ರಿಯ ಪ್ರಯಾಣದಲ್ಲಿ ಹಾಳಾಗುತ್ತದೆ. ನಾಲ್ಕೈದು ಕುರಿ ತಂದವನು ಒಂದಿಡೀ ದಿನ ನಗರದಲ್ಲಿ ಕಾಯುವುದೂ ಆಗದ ಮಾತು.

ಎರಡನೆಯ ದಾರಿ ತೋಟದ ಮರದ ಕೆಳಗೆ ಕುಯ್ಯುವುದು. ಕುರಿಗೆ ಇದರಲ್ಲಿ ಹೆದರಿಕೆ ಕಡಿಮೆ, ಆದರೆ ಮಾಂಸವನ್ನು ಪರೀಕ್ಷಿಸುವವರು ಇರುವುದಿಲ್ಲ. ಹೊರಗೆ ದಷ್ಟಪುಷ್ಟವಾಗಿ ಕಾಣುವ ಟಗರಿನ ಲಿವರ್ ಅಥವಾ ಶ್ವಾಸಕೋಶ ತೆಗೆದು ನೋಡಿದರೆ ನೀರು ತುಂಬಿದ ಬೆಳ್ಳನೆಯ ಗುಳ್ಳೆಗಳಿರಬಹುದು. ಅದು ಹೈಡ್ಯಾಟಿಡ್, ಒಂದು ಬಗೆಯ ಲಾಡಿಹುಳುವಿನ ಮರಿಗಳಿರುವ ಗುಳ್ಳೆ. ಆ ತುಂಡನ್ನು ‘ತಿನ್ನಲು ಬಾರದು’ ಎಂದು ನಾಯಿಗೆ ಎಸೆಯುವುದೇ ದೊಡ್ಡ ಅನಾಹುತ. ನಾಯಿಯ ಕರುಳಲ್ಲಿ ಹುಳು ಬೆಳೆದು, ಅದರ ಮೊಟ್ಟೆ ಮಲದೊಂದಿಗೆ ಹುಲ್ಲುಗಾವಲು, ಸೊಪ್ಪಿನ ಮಡಿ, ಮಕ್ಕಳ ಕೈ ಸೇರುತ್ತದೆ. ಮನುಷ್ಯನ ಲಿವರ್‌ನಲ್ಲೂ ಅದೇ ಗುಳ್ಳೆ ಏಳುತ್ತದೆ. ಕುಯ್ದ ಸ್ಥಳದಲ್ಲಿ ಪಶುವೈದ್ಯರಿದ್ದು ಆ ಅಂಗವನ್ನು ಸುಟ್ಟರೆ ಅಥವಾ ಸುಣ್ಣ ಹಾಕಿ ಆಳವಾಗಿ ಹೂಳಿಸಿದರೆ ಈ ಚಕ್ರ ಅಲ್ಲಿಗೇ ನಿಲ್ಲುತ್ತದೆ.

ಚಳಿ ಕೋಣೆಯಿಲ್ಲದಿರುವುದು ಇನ್ನೊಂದು ತೊಡಕು, ಇದನ್ನು ಗಿರಾಕಿಗಳೂ ಗಮನಿಸಬೇಕು. ಕುಯ್ದ ಕೆಲವು ಗಂಟೆಗಳಲ್ಲಿ ಮಾಂಸಖಂಡ ಸೆಟೆದುಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಸೆಟೆಯುವ ಮೊದಲೇ ಬಿಸಿಬಿಸಿ ಮಾಂಸವನ್ನು ಫ್ರೀಜರಿಗೆ ತುರುಕಿದರೆ ನಾರು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಎಷ್ಟು ವಿಷಲ್ ಕೂಗಿಸಿದರೂ ಮೆತ್ತಗಾಗುವುದಿಲ್ಲ. ‘ಬಯಲ ಕುರಿ ರಬ್ಬರಿನಂತಿತ್ತು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಸರಿಯಾದ ಕ್ರಮವೆಂದರೆ ಇಡೀ ಕುರಿಯನ್ನು ಕೊಕ್ಕೆಗೆ ತೂಗುಹಾಕಿ, ಕುಯ್ದು ಹತ್ತು ತಾಸು ಕಳೆಯುವ ಮುನ್ನ 10 ಡಿಗ್ರಿಗಿಂತ ಕೆಳಗೆ ಇಳಿಯದಂತೆ ತಣಿಸಿ, ಆಮೇಲೆ 0ಯಿಂದ 4 ಡಿಗ್ರಿಯಲ್ಲಿ ಒಂದು ದಿನ ಇಟ್ಟು ತುಂಡು ಮಾಡುವುದು. ಈ ಸೌಕರ್ಯ ಒಬ್ಬೊಬ್ಬ ರೈತನ ಕೈಗೆಟುಕುವಂಥದ್ದಲ್ಲ.

ಲೆಕ್ಕವನ್ನೂ ನೋಡೋಣ. 28 ಕೆ.ಜಿ. ತೂಗುವ ಟಗರಿನಿಂದ ತಲೆ, ಕಾಲು, ಚರ್ಮ, ಬೋಟಿ ಬಿಟ್ಟು ಸುಮಾರು 13 ಕೆ.ಜಿ. ಮಾಂಸ ಸಿಗುತ್ತದೆ. ಜೀವಂತ ತೂಕ ಕೆ.ಜಿ.ಗೆ 400 ರೂಪಾಯಿ ಎಂದು ಹಿಡಿದರೆ ಟಗರಿನ ಬೆಲೆ 11,200. ಅಂದರೆ ಕುಯ್ಯುವ ಕೂಲಿ, ಐಸು, ಸಾಗಣೆ ಸೇರಿಸುವ ಮೊದಲೇ ಕೆ.ಜಿ. ಮಾಂಸಕ್ಕೆ 860 ರೂಪಾಯಿ ಬಿತ್ತು. ತಲೆಕಾಲು, ಬೋಟಿ ಮಾರಾಟವಾದರಷ್ಟೇ ಅದು ಸ್ವಲ್ಪ ಇಳಿಯುತ್ತದೆ. ಗಿರಾಕಿಗಳೆಲ್ಲ ತೊಡೆ ಮತ್ತು ಚಾಪ್ಸ್ ಮಾತ್ರ ಕೇಳಿದರೆ ಕುತ್ತಿಗೆ, ಪಕ್ಕೆ, ಎದೆ ರೈತನ ಫ್ರೀಜರಿನಲ್ಲಿ ಉಳಿಯುತ್ತವೆ, ಲಾಭವೂ ಅಲ್ಲೇ ಹೆಪ್ಪುಗಟ್ಟುತ್ತದೆ. ಇದಕ್ಕೆ ಪರಿಹಾರ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ: ಗುಡ್ಡೆ ಮಾಂಸ. ಎಂಟು ಮನೆಯವರು ಮುಂಗಡ ಕೊಟ್ಟು ಒಂದು ಟಗರು ಹಿಡಿದರೆ ಗುಡ್ಡೆಗೆ 1.6 ಕೆ.ಜಿ.ಯಷ್ಟು ಬರುತ್ತದೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಚಾಪ್ಸ್, ಪಕ್ಕೆ, ಕುತ್ತಿಗೆ, ಒಂದು ಚೂರು ಲಿವರ್ ಬೀಳುತ್ತವೆ. ತಲೆಕಾಲು, ಬೋಟಿ ಬೇಕೆಂದವರಿಗೆ ಸರದಿಯಂತೆ ಕೊಡಬಹುದು. ಎಂಟು ಗುಡ್ಡೆ ತುಂಬದೆ ಕತ್ತಿ ಎತ್ತಬಾರದು. ನೇರ ಮಾರಾಟದಲ್ಲಿ ನಷ್ಟ ತಪ್ಪಿಸುವ ಮೊದಲ ಉಪಾಯ ಇದೇ ಎಂದು ಖಚಿತವಾಗಿ ಹೇಳುತ್ತೇವೆ.

ಸಾಕಣೆದಾರರ ಹೊಣೆಯೂ ಇದೆ. ಜಂತುಹುಳುವಿಗೋ ಜ್ವರಕ್ಕೋ ಔಷಧ ಕೊಟ್ಟ ಮೇಲೆ ಲೇಬಲ್ ಮೇಲೆ ಬರೆದಷ್ಟು ದಿನ, ಅದನ್ನು ನಮೂದಿಸಿಲ್ಲದಿದ್ದರೆ ಕನಿಷ್ಠ 28 ದಿನ ಆ ಕುರಿಯನ್ನು ಕುಯ್ಯಬಾರದು. ಕಿವಿಯೋಲೆಯ ಸಂಖ್ಯೆ, ಔಷಧದ ಹೆಸರು, ಕೊಟ್ಟ ದಿನಾಂಕ ಇರುವ ಪುಸ್ತಕವನ್ನು ಕೇಳಿದ ಗಿರಾಕಿಗೆ ತೋರಿಸಲೇಬೇಕು.

ಸರ್ಕಾರವನ್ನು ನಾವು ಕೇಳುವುದು ದೊಡ್ಡ ಕಾರ್ಖಾನೆಯನ್ನಲ್ಲ. ದಿನಕ್ಕೆ 10 ಕುರಿ ಅಥವಾ 50 ಕೋಳಿಯವರೆಗಿನ ಘಟಕಕ್ಕೆ ಬರೀ ನೋಂದಣಿ ಸಾಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2011ರ ನಿಯಮಾವಳಿಯಲ್ಲೇ ಹೇಳಿದೆ. ಆ ಅಳತೆಯದೊಂದು ವಧಾಗಾರ ಹೋಬಳಿ ಮಟ್ಟದಲ್ಲಿ ಬರಲಿ. ನೆರಳು, ನೀರಿರುವ ದೊಡ್ಡಿ, ಚರ್ಮ ಸುಲಿಯುವವರೆಗಿನ ಕೆಲಸಕ್ಕೊಂದು ಕೋಣೆ, ಆಮೇಲಿನ ಶುಚಿ ಕೆಲಸಕ್ಕೆ ಬೇರೆ ಕೋಣೆ, ಇಪ್ಪತ್ತು ಕೊಕ್ಕೆಯ ಚಳಿ ಕೋಣೆ, ಕರೆಂಟು ಹೋದರೆ ಜನರೇಟರ್. ಕತ್ತಿ ಅದ್ದಲು 82 ಡಿಗ್ರಿಯ ಬಿಸಿನೀರಿನ ತೊಟ್ಟಿ ಇರಲೇಬೇಕು, ಒಬ್ಬೊಬ್ಬರಿಗೂ ಎರಡು ಕತ್ತಿ: ಒಂದು ಕೈಯಲ್ಲಿ, ಇನ್ನೊಂದು ನೀರಿನಲ್ಲಿ. ಚರ್ಮ ಮುಟ್ಟಿದ ಕತ್ತಿಯಲ್ಲೇ ಮಾಂಸ ಕೊಯ್ದರೆ ಉಳಿದ ಶುಚಿತ್ವವೆಲ್ಲ ವ್ಯರ್ಥ. ಒಂದು ಟಗರಿನಿಂದ ಒಂದು ಲೀಟರಿನಷ್ಟು ರಕ್ತ ಹರಿಯುತ್ತದೆ. ಅದು ಚರಂಡಿ ಹಿಡಿದು ಕೆರೆ ಸೇರದಂತೆ ಬೇರೆಯಾಗಿ ಸಂಗ್ರಹಿಸಿ, ಹೊಟ್ಟೆಯ ಮೇವಿನೊಂದಿಗೆ ಗೋಬರ್ ಗ್ಯಾಸ್ ಗುಂಡಿಗೆ ಬಿಡಬೇಕು.

ಪಶುವೈದ್ಯರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಏಳುತ್ತದೆ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸಬಾರದೆಂಬುದು ನಿಯಮ. ಹತ್ತು ಕುರಿಗೆ ಒಂದು ಗಂಟೆ ಸಾಕು. ಹಿಂದಿನ ದಿನ ಬೆಳಿಗ್ಗೆ ಜೀವಂತ ಕುರಿಯ ಪರೀಕ್ಷೆ, ಮರುದಿನ ಕುಯ್ದ ಮೇಲೆ ಅಂಗಗಳ ಪರೀಕ್ಷೆ ಎಂದು ವಾರಕ್ಕೆರಡು ಸರದಿ ಇಟ್ಟುಕೊಂಡರೆ ತಾಲ್ಲೂಕಿನ ಈಗಿನ ಸಿಬ್ಬಂದಿಯಲ್ಲೇ ಹೊಂದಿಸಬಹುದು. ಖರ್ಚಿಗೆ ಕುರಿಗಿಷ್ಟು ಎಂದು ಶುಲ್ಕ ನಿಗದಿ ಮಾಡಲಿ, ಕೊಡಲು ಸಾಕಣೆದಾರರು ಹಿಂಜರಿಯುವುದಿಲ್ಲ.

ಯುಗಾದಿಯ ಮರುದಿನ ಮಾಂಸದೂಟ ಮಾಡುವ ಹೊಸತೊಡಕಿಗೆ ದಿನಕ್ಕೆ ಹತ್ತರ ಮಿತಿ ಸಾಲದು ಎನ್ನುವವರಿದ್ದಾರೆ. ಯುಗಾದಿಯ ದಿನ ನಮ್ಮ ಕಡೆ ಬಹುತೇಕರು ಕತ್ತಿ ಹಿಡಿಯುವುದಿಲ್ಲ. ಅದರ ಹಿಂದಿನ ಎರಡು ದಿನ ಹತ್ತು ಹತ್ತು ಕುಯ್ದು ಇಪ್ಪತ್ತು ಕೊಕ್ಕೆಗೂ ತೂಗುಹಾಕಿದರೆ, ಹೊಸತೊಡಕಿನ ನಸುಕಿನಲ್ಲಿ ಇನ್ನೂ ಹತ್ತು ಸೇರಿ 240 ಗುಡ್ಡೆಯಾಗುತ್ತದೆ. ಮುಂದಿನ ಯುಗಾದಿಗೆ ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯಾವುದಾದರೂ ಒಂದು ಹೋಬಳಿಯಲ್ಲಾದರೂ ಪಶುಪಾಲನಾ ಇಲಾಖೆ ಇದನ್ನು ಮಾಡಿ ನೋಡಲಿ.

— ಸಣ್ಣ ಕುರಿ ಸಾಕಣೆದಾರರು, ಬೆಂಗಳೂರು